ಐದು ಸುತ್ತಿನ ಗಂಟು

ಮಾರ್ಚ್ 18, ಮಂಗಳವಾರ

ಚೆಂಡು ಇವತ್ತು ಪಕ್ಕದ ಮನೆಯ ಕಾಂಪೌಂಡಿಗೆ ಬಿತ್ತು. ಫಿಸಿಯೋ ಹುಡುಗಿ ದೀಪ ಕೊಟ್ಟಿದ್ದ ಹಳದಿ ಸ್ಪಂಜಿನ ಚೆಂಡು. ಬಲಗೈಯಲ್ಲಿ ದಿನಕ್ಕೆ ನೂರು ಸಲ ಹಿಸುಕಬೇಕಂತೆ. ನನ್ನ ಯಜಮಾನರು ಒಂದು ಸಲವೂ ಹಿಸುಕದೆ ಎಡಗೈಯಲ್ಲಿ ತೆಗೆದುಕೊಂಡು ಕಿಟಕಿಯ ಆಚೆ ಎಸೆದರು. ಎಸೆಯುವುದಕ್ಕೆ ಮಾತ್ರ ಏನು ಗುರಿ! ಎರಡು ಸರಳಿನ ನಡುವೆ ಸರಿಯಾಗಿ ಹೋಯಿತು.

ದೀಪ ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. "ಆಂಟಿ, ಲಕ್ವ ಹೊಡ್ದು ಆರು ತಿಂಗ್ಳೊಳ್ಗೆ ಕೈ ಎಷ್ಟು ಬರುತ್ತೋ ಅದೇ ಮುಖ್ಯ. ಆಮೇಲೆ ಭಾಳ ನಿಧಾನ. ಅಂಕಲ್‌ಗೆ ಆಗ್ಲೇ ನಾಲ್ಕಾಯ್ತು. ಕಾಲು ಬಂತಲ್ಲ, ಕೈನೂ ಬರುತ್ತೆ. ಆದ್ರೆ ಅವ್ರಿಗೇ ಬೇಡ್ವಲ್ಲ?"

ಇದನ್ನು ನನಗೆ ಹೇಳಬೇಕೇ? ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಒಳಗೆ ಕರೆದೊಯ್ಯುವಾಗ ಇವರ ಕೊರಳಿನ ಶಿವದಾರ ಕತ್ತರಿಸಿ ಲಿಂಗದ ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು. ಮನೆಗೆ ಬಂದ ಮೇಲೆ ಹೊಸ ದಾರ ತಂದು ಕಟ್ಟಲು ಹೋದರೆ ಇವರು ಮುಖ ತಿರುಗಿಸಿದರು. "ಕೈ... ಇಲ್ಲ" ಎಂದರು. ಲಿಂಗ ಎಡ ಅಂಗೈಯಲ್ಲಿ ಇರಬೇಕು, ಬಲಗೈ ವಿಭೂತಿ ಹಚ್ಚಬೇಕು, ಪತ್ರೆ ಏರಿಸಬೇಕು. ಆ ಬಲಗೈ ಹಿಂಡದ ಟವೆಲ್ಲಿನಂತೆ ತೊಡೆಯ ಮೇಲೆ ಬಿದ್ದಿದೆ. ನಾನು ಹಚ್ಚುತ್ತೇನೆ ಎಂದರೆ ಕೂಡದು. ಬುದ್ಧಿ ಬಂದಾಗಿನಿಂದ ಪೂಜೆಯಾಗದೆ ನೀರೂ ಮುಟ್ಟದ ಮನುಷ್ಯ ಈಗ ಎದ್ದವರೇ ಕಾಫಿ ಕುಡಿಯುತ್ತಾರೆ. ಕರಡಿಗೆ ದೇವರ ಗೂಡಿನಲ್ಲಿದೆ, ಹೊಸ ಶಿವದಾರ ಅದರ ಪಕ್ಕದಲ್ಲೇ ಸುತ್ತಿಟ್ಟ ಹಾಗೇ ಇದೆ. ನನ್ನ ಪೂಜೆ ಮುಗಿದ ಮೇಲೆ ಅದಕ್ಕೂ ಎರಡು ಹನಿ ನೀರು ಬಿಟ್ಟು, ನಾಲ್ಕು ಮಾತು ಬೈದು ಬರುತ್ತೇನೆ. ಬೈಯುವುದಕ್ಕೆ ಬೇರೆ ಯಾರಿದ್ದಾರೆ?

ಮಾರ್ಚ್ 21

ಬೆಳಗಿನಿಂದ ಅಟ್ಟದ ಕಡೆ ತೋರಿಸಿ "ಕೋ... ಕೋಲು" ಎನ್ನುತ್ತಿದ್ದರು. ಊರುಗೋಲು ಕೊಟ್ಟೆ. ಅಲ್ಲವಂತೆ. ಬಟ್ಟೆ ಹರವುವ ಕೋಲು ಕೊಟ್ಟೆ. ಮುಖ ಕೆಂಪಾಯಿತು. ಪೊರಕೆ ಹಿಡಿದು "ಇದಾ?" ಎಂದೆ. ತಟ್ಟೆಯನ್ನೇ ತಳ್ಳಿದರು. ಕೊನೆಗೆ ಏಣಿ ಹಾಕಿಕೊಂಡು ಹತ್ತಿದೆ. ಅಲ್ಲಿದ್ದದ್ದು ಬೂದು ಬಣ್ಣದ ಒಂದು ಉದ್ದದ ಪೈಪು. ಇಪ್ಪತ್ತು ವರ್ಷದಿಂದ ದಸರೆಗೊಮ್ಮೆ ಅದರ ದೂಳು ಒರೆಸಿದ್ದೇನೆ. ಎಸಿ ರಿಪೇರಿಯವರ ಮನೆಯಲ್ಲಿ ಪೈಪು ಇರದೆ ಇನ್ನೇನಿರುತ್ತದೆ ಎಂದುಕೊಂಡಿದ್ದೆ.

ಒಳಗೆ ನಾಲ್ಕು ತುಂಡಿನ ಸಪೂರ ಗಾಳದ ಕೋಲು! ಒಂದು ರಾಟೆ, ಅದರ ತುಂಬ ದಪ್ಪ ಹಳದಿ ದಾರ. ತುಕ್ಕು ಹಿಡಿದ ಕೊಕ್ಕೆಗಳ ಡಬ್ಬಿ. ಒಂದು ಫೋಟೋ.

ಮದುವೆಗೆ ಮುಂಚೆ ಮೂರು ವರ್ಷ, ಆಮೇಲೆ ಎರಡು ವರ್ಷ ಇವರು ಮಾಲ್ಡೀವ್ಸಿನಲ್ಲಿ ಯಾವುದೋ ದ್ವೀಪದ ಹೋಟೆಲಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದರು. ಅಲ್ಲಿಂದ ಬರುತ್ತಿದ್ದ ಕಾಗದದಲ್ಲಿ ಸೆಖೆ, ಉಪ್ಪುನೀರು, ಸಾರಿಲ್ಲದ ಊಟ ಇಷ್ಟೇ. ಯಳಂದೂರಿನ ತವರಿನಲ್ಲಿ ಕೂತು ನಾನು ಪಾಪ ಪಾಪ ಎನ್ನುತ್ತಿದ್ದೆ. ಫೋಟೋದಲ್ಲಿ ಈ ಪಾಪದವರು ಚಡ್ಡಿ ಹಾಕಿಕೊಂಡು, ಕಣ್ಣು ಹರಿಯುವಷ್ಟು ದೂರ ಹರಡಿದ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಕೊರಳಲ್ಲಿ ಕರಡಿಗೆ, ಎರಡೂ ಕೈಯಲ್ಲಿ ಬೆಳ್ಳಿಯಂಥ ಮೀನು!

"ತಿಂದ್ರಾ?" ಎಂದೆ. ಇಲ್ಲ ಎಂದು ತಲೆಯಾಡಿಸಿದರು. "ಬಿ... ಟ್ಟೆ."

"ಬಿಡೋದಾದ್ರೆ ಹಿಡಿದದ್ದು ಯಾಕೆ?"

ಮೀನಿಗಿಂತ ನನಗೆ ಹೊಟ್ಟೆ ಉರಿದದ್ದು ಆ ನಗುವಿಗೆ. ಹಲ್ಲೆಲ್ಲ ಕಾಣುವ ನಗು. ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದರೇ ಇವರು? ನನಗೆ ಯಾಕೆ ತರಲಿಲ್ಲ?

ಮಾರ್ಚ್ 23

ಮಹಡಿಯ ಮೇಲೆ ಅಭ್ಯಾಸ. ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಕೋಲು ಬೀಸುತ್ತಾರೆ. ಹಳದಿ ದಾರ ಹಿಂದಕ್ಕೆ ಹೋಗಿ ಪೂರ್ತಿ ಚಾಚಿಕೊಂಡು, ಆಮೇಲೆ ಮುಂದಕ್ಕೆ ಬರಬೇಕು. ಮೊದಲ ಸಲ ಅದು ನನ್ನ ನೈಟಿಗೆ ಸುತ್ತಿಕೊಂಡಿತು, ಎರಡನೇ ಸಲ ಡಿಶ್ ಆಂಟೆನಾಕ್ಕೆ.

ಇದಕ್ಕೆ ಒಂದು ಕೈ ಸಾಲದು. ಒಂದು ಕೈ ಕೋಲು ಬೀಸಿದರೆ ಇನ್ನೊಂದು ದಾರ ಹಿಡಿದು ಎಳೆಯಬೇಕು, ಬಿಡಬೇಕು. ಇವರ ಬಲಗೈ ಬಾರದು. ಅದಕ್ಕೆ ನಾನು ಬಲಪಕ್ಕದಲ್ಲಿ ಸ್ಟೂಲು ಹಾಕಿ ಕೂತೆ. "ಎಳಿ" ಎಂದರೆ ಎಳೆದೆ, "ಬಿಡು" ಎಂದರೆ ಬಿಟ್ಟೆ. ತಪ್ಪಿದರೆ ಕಣ್ಣು ಬಿಡುತ್ತಾರೆ. ಲಕ್ವ ಹೊಡೆದವರಿಗೆ ಬೈಯಲು ಮಾತ್ರ ಪದಗಳು ಸಿಗುತ್ತವೆ ಎಂದು ನನಗೆ ಈಗ ಗೊತ್ತಾಗುತ್ತಿದೆ.

ದೀಪಳಿಗೆ ಫೋನ್ ಮಾಡಿ ದೂರು ಹೇಳಿದರೆ ಅವಳು "ಸೂಪರ್ ಆಂಟಿ! ಬಿಡ್ಬೇಡಿ" ಎಂದಳು. ನನ್ನ ಪಾಡು ಯಾರಿಗೂ ಬೇಡ.

ಏಪ್ರಿಲ್ 3, ಗುರುವಾರ

ಇವರ ರಿಪೇರಿ ಅಂಗಡಿಯ ಓಮ್ನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹೇರಿಕೊಂಡು ಯಳಂದೂರು ರಸ್ತೆಯ ಕೆರೆಗೆ ಹೋದೆವು. ಕೊಳ್ಳೇಗಾಲ ದಾಟುವಷ್ಟರಲ್ಲಿ ನನ್ನ ಕೈಯಲ್ಲಿ ಮೂರು ಸಲ ಎಂಜಿನ್ ನಿಂತಿತು. ಬೇಸಿಗೆಗೆ ನೀರು ಹಿಂದೆ ಸರಿದು ಕೆರೆ ಎಲ್ಲ ಕಡೆ ಮೊಣಕಾಲಿಗೆ ಬಂದಿದೆ. ಇವರು ಊರುಗೋಲು ಊರಿಕೊಂಡು ನೀರಿನ ಅಂಚಿನವರೆಗೂ ಹೋಗಿ ನೋಡಿದರು. ಆಮೇಲೆ "ಹಂಗೇ" ಎಂದರು. ಸಮುದ್ರದ ಹಾಗೇ ಅಂತೆ! ದಡದ ತುಂಬ ಎಮ್ಮೆ ಸೆಗಣಿ.

ಕುರ್ಚಿಯನ್ನು ಪಾದ ಮುಳುಗುವಷ್ಟು ನೀರಿನಲ್ಲಿ ಇಡಬೇಕೆಂದು ಹಟ. ಇಟ್ಟೆ. ಕೂತ ತಕ್ಷಣ ಹಿಂದಿನ ಎರಡು ಕಾಲು ಕೆಸರಿನಲ್ಲಿ ಹೂತು ಇವರು ಆಕಾಶ ನೋಡುತ್ತಾ ವಾಲಿದರು. ಎತ್ತಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

ಆಗ ಏರಿಯ ಮೇಲಿಂದ ಒಬ್ಬ ಇಳಿದು ಬಂದ. ಬಿಳಿಗಿರಿ ಅಂತ, ಕೆರೆಯ ಮೀನಿನ ಟೆಂಡರ್ ಅವನದೇ. ಅವನು ಕೋಲಿನ ತುದಿಯಿಂದ ಬುಡದವರೆಗೆ ನೋಡಿದ.

"ಇದ್ಯಾವ್ ಗಾಳ ಸಾ? ಉಳಾನೂ ಇಲ್ಲ, ಬೆಂಡೂ ಇಲ್ಲ. ಮೀನು ಏನ್ ನೋಡ್ಕಂಡು ಬತ್ತದೆ?"

ನಾನು ಹೇಳಿದೆ, ಹಿಡಿದರೂ ನೀರಿಗೇ ಬಿಡುತ್ತೇವೆ, ನಾವು ತಿನ್ನುವವರಲ್ಲ.

"ಅಂಗಾರೆ ಇಡಿಯಾದ್ಯಾಕವ್ವ?"

ನನ್ನದೇ ಪ್ರಶ್ನೆ. ಅವನ ಮೇಲೆ ಒಂದಿಷ್ಟು ಗೌರವ ಹುಟ್ಟಿತು. ನಗುತ್ತಾ ಹೋಗಿ ಎರಡು ಹಲಗೆ ತಂದು ಕುರ್ಚಿಯ ಕಾಲಿಗೆ ಕೊಟ್ಟ. "ಸಿವಪೂಜೆ ಮಾಡೋರು ಮೀನ್ ಇಡಿಯಾಕ್ ಬಂದವ್ರೆ, ಈ ಸಲ ಮಳೆ ಆಯ್ತದೆ ಬುಡಿ" ಎಂದ.

ಏಪ್ರಿಲ್ 4

ಸೊಂಟ ನೋವು. ಹೋಗಲಿಲ್ಲ. ಇಡೀ ದಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾಳೆ ಹೋಗೋಣ ಎಂದ ಮೇಲೆ ಊಟ ಮಾಡಿದರು.

ಏಪ್ರಿಲ್ 9, ಬುಧವಾರ

ಈ ಗಾಳಕ್ಕೆ ಹುಳ ಚುಚ್ಚುವುದಿಲ್ಲ. ಗರಿ, ನೂಲು ಸುತ್ತಿ ಸುಳ್ಳು ಹುಳ ಮಾಡಬೇಕು. ಹಳೆಯವನ್ನು ಉಪ್ಪುನೀರಿನ ತುಕ್ಕು ತಿಂದಿದೆ. ಬಿಳಿಗಿರಿ ಕೊಕ್ಕೆ ಕೊಟ್ಟ, ಜೊತೆಗೆ ಅವನ ಮನೆಯ ನಾಟಿಕೋಳಿಯ ಕೆಂಪು ಗರಿ. ಅದನ್ನು ಕಾಗದದಲ್ಲಿ ಸುತ್ತಿ ಬ್ಲೌಸಿನೊಳಗೆ ಬಚ್ಚಿಟ್ಟುಕೊಂಡು ತಂದೆ. ನಮ್ಮ ಮನೆಗೆ ಕೋಳಿಯ ಗರಿ! ಅತ್ತೆ ಬದುಕಿದ್ದರೆ ನನ್ನನ್ನು ಹೊರಗೇ ನಿಲ್ಲಿಸುತ್ತಿದ್ದರು.

ಸ್ವಲ್ಪ ಮಿಂಚು ಬೇಕಂತೆ. ಬೀರು ತೋರಿಸಿದರು. ಧಾರೆಯ ಕೊಳ್ಳೇಗಾಲದ ರೇಷ್ಮೆ ಸೀರೆ, ಅದರ ಜರಿ! ಆಗದು ಎಂದೆ. ಅರ್ಧ ಗಂಟೆ ಜಗಳ. ಅವರು ಹೇಳಿದ್ದು ಮೂರು ಪದ, ನಾನು ಮುನ್ನೂರು. ಕೊನೆಗೆ ಸೆರಗಿನ ಒಳಗಡೆ ಸಡಿಲವಾಗಿದ್ದ ಒಂದೆಳೆ ಕಿತ್ತೆ. ಗರಿ ಸುತ್ತುವಾಗ ನೂಲು ಜಾರುತ್ತಿತ್ತು. ಅವರು ಆ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ನೂಲಿನ ಮೇಲಿಟ್ಟರು, ಕಾಗದದ ಮೇಲೆ ಕಲ್ಲು ಇಟ್ಟ ಹಾಗೆ. ಅಷ್ಟಕ್ಕಾದರೂ ಬಂತಲ್ಲ.

ಗಂಟು ಹಾಕುವುದನ್ನೂ ಕಲಿಸಿದರು. ಕೂದಲೆಳೆಯಂಥ ನೈಲಾನಿನ ತಂಗೂಸಿ ದಾರವನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ಅದರ ಮೈಗೇ ಐದು ಸುತ್ತು ಸುತ್ತಿ, ತುದಿಯನ್ನು ಬುಡದ ಸಂದಿಯಲ್ಲಿ ತೂರಿಸಿ ಎಳೆಯಬೇಕು. ಎಳೆಯುವ ಮುಂಚೆ ಬಾಯಲ್ಲಿಟ್ಟು ಎಂಜಲು ಮಾಡಬೇಕಂತೆ, ಇಲ್ಲದಿದ್ದರೆ ದಾರ ಉಜ್ಜಿ ಬಿಸಿಯಾಗಿ ತುಂಡಾಗುತ್ತದೆ. ನಾನು ಮಾಡಲಿಲ್ಲ. ನಾಲ್ಕು ಸಲ ತುಂಡಾಯಿತು. ಐದನೇ ಸಲ ಎಂಜಲು ಮಾಡಿದೆ. ಸ್ನಾನ ಮಾಡಿ ಅಡುಗೆಮನೆಗೆ ಹೋದೆ.

ಏಪ್ರಿಲ್ 14, ಸೋಮವಾರ

ಆರೂವರೆಗೇ ಕೆರೆಯಲ್ಲಿದ್ದೆವು. ಬಿಸಿಲೇರಿದ ಮೇಲೆ ಮೀನು ಬರುವುದಿಲ್ಲ, ಗಾಳಿ ಎದ್ದರೆ ದಾರ ಹೋಗುವುದಿಲ್ಲ. ಇವರ ಹಟದಿಂದ ನಾನು ಇದನ್ನೆಲ್ಲ ತಿಳಿದುಕೊಳ್ಳಬೇಕಾಗಿದೆ.

ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಾಗ ಇವರು "ಬಾಲ!" ಎಂದರು. ತೊದಲಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ ನೀರಿನ ಮೇಲೆ ಒಂದು ಬಾಲ ಎದ್ದು ನಿಂತು ಅಲ್ಲಾಡುತ್ತಿತ್ತು. ದೊಡ್ಡ ಗೆಂಡೆ ಮೀನು, ತಲೆ ಕೆಳಗೆ ಮಾಡಿ ಕೆಸರು ಕೆದಕುತ್ತಿದೆ. ಮಾಲ್ಡೀವ್ಸಿನಲ್ಲಿ ಸಮುದ್ರ ಇಳಿದಾಗಲೂ ಹೀಗೇ ಬಾಲ ಕಾಣುತ್ತಿತ್ತಂತೆ. ಸದ್ದು ಮಾಡಬಾರದು, ತಲೆಯ ಮೇಲೆ ಬೀಳಬಾರದು, ಎರಡು ಮೊಳ ಮುಂದೆ ಬೀಳಬೇಕು. ಇಷ್ಟನ್ನು ಹೇಳಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಗೆಂಡೆ ಹೋಗಿತ್ತು.

"ಅಲ್ಲಿ ಶುಕ್ರವಾರ ರಜ... ತಪ್ಪದೆ ಹೋಗ್ತಿದ್ದೆ" ಎಂದರು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ... ಹತ್ರ ಸೇರಿಸ್ತಿದ್ಯಾ?"

ಸೇರಿಸುತ್ತಿರಲಿಲ್ಲ, ನಿಜ. ಆದರೂ ಕೇಳಿದ ರೀತಿಗೆ ಕೋಪ ಬಂತು. ವಾಪಸ್ಸು ಬರುವಾಗ ಗುಂಡಿ ನೋಡದೆ ಓಮ್ನಿ ಓಡಿಸಿದೆ. ಆ ಬಾಲಕ್ಕೆ ತುದಿಯಲ್ಲಿ ಕೇಸರಿ ಬಣ್ಣವಿತ್ತು.

ಏಪ್ರಿಲ್ 17

ಗಾಳಿ. ಏನೂ ಇಲ್ಲ. ದಾರ ಬೇಗ ಬಿಟ್ಟೆನೆಂದು ಬೈದರು. ನಾಳೆಯಿಂದ ನೀವೇ ಎಳೆದುಕೊಳ್ಳಿ ಎಂದೆ.

ಏಪ್ರಿಲ್ 22, ಮಂಗಳವಾರ

ಒಂದು ಸಿಕ್ಕಿತು! ಅಂಗೈಯಗಲದ ಜಿಲೇಬಿ ಮೀನು. ದಾರ ನನ್ನ ಬೆರಳ ಸಂದಿಯಲ್ಲೇ ಇತ್ತು, ಟಕ್ಕೆಂದು ಎಳೆಯಿತು. ನನಗೆ ಗೊತ್ತಿಲ್ಲದೆ ನಾನು ಕಿರುಚಿದೆನಂತೆ. ಬಿಳಿಗಿರಿ ಹಾಗೆನ್ನುತ್ತಾನೆ, ಅವನ ಮಾತಿಗೆ ಬೆಲೆಯಿಲ್ಲ.

ಹತ್ತಿರ ಬಂದ ಮೇಲೆ ನಿಜವಾದ ಕಷ್ಟ. ನಾನು ಜನ್ಮದಲ್ಲಿ ಮೀನು ಮುಟ್ಟಿಲ್ಲ. ಸೆರಗಿನಿಂದ ಹಿಡಿಯಲು ಹೋದರೆ ಇವರು "ಬೇ... ಬೇಡ" ಎಂದು ಚೀರಿದರು. ಒಣ ಬಟ್ಟೆ ತಾಗಿದರೆ ಅದರ ಮೈಯ ಲೋಳೆ ಹೋಗುತ್ತದಂತೆ, ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕಂತೆ. ನನ್ನ ಸೆರಗಿಗೆ ಏನಾಗುತ್ತದೆ ಎಂಬ ಚಿಂತೆ ಯಾರಿಗೂ ಇಲ್ಲ. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಅದರೊಳಗೆ ಏನೋ ಡವಡವ ಹೊಡೆದುಕೊಳ್ಳುತ್ತಿತ್ತು. ಕೊಕ್ಕೆ ಬಿಡಿಸಿ ನೀರಿನಲ್ಲಿಟ್ಟರೆ ತಕ್ಷಣ ಹೋಗಲಿಲ್ಲ, ಕ್ಷಣ ಹೊತ್ತು ನನ್ನ ಕೈಯಲ್ಲೇ ನಿಂತು ಆಮೇಲೆ ಹೋಯಿತು.

ಬಿಳಿಗಿರಿ ತಲೆ ಚಚ್ಚಿಕೊಂಡ. "ಅಯ್ಯೋ ನನ್ ಸಾರಿನ್ ಮೀನ್ ಬುಟ್ಬುಟ್ರಲ್ಲವ್ವ!"

ಮನೆಯಲ್ಲಿ ಇನ್ನೊಂದು ರಾಮಾಯಣ. ಕಾಫಿ ಲೋಟವನ್ನು ಬಲಗೈಯಲ್ಲಿ ಹಿಡಿಯಲು ಹೋಗಿ ಪೂರ್ತಿ ಚೆಲ್ಲಿಕೊಂಡರು. ಬಾರದ ಕೈಗೆ ಬಿಸಿ ಲೋಟ ಯಾಕೆ ಕೊಡಬೇಕು? ನೆಲ ಒರೆಸುವವಳು ನಾನು ತಾನೆ.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಇವರ ಅಕ್ಕ ಸುವರ್ಣಮ್ಮ ಹನೂರಿನ ಆಚೆ ರಾಮಾಪುರದಿಂದ ಮೊದಲ ಬಸ್ಸಿಗೇ ಬಂದರು. ಬಂದವರೇ ನೋಡಿದ್ದು ತಮ್ಮನ ಬರಿಯ ಕೊರಳು. ಆಮೇಲೆ ದೇವರ ಗೂಡಿನ ಕರಡಿಗೆ. ಆಮೇಲೆ ಕಿಟಕಿಯಲ್ಲಿ ನಾನು ಮರೆತಿದ್ದ ಕೋಳಿಯ ಗರಿ.

"ಇದೇನ್ ಯಸೋದಾ?"

ಎಲ್ಲ ಹೇಳಿದೆ. ಹೇಳಬಾರದಿತ್ತು.

"ಲಿಂಗ ಕಟ್ಕಳಾಕ್ ಕೈ ಇಲ್ಲ, ಮೀನ್ ಇಡಿಯಾಕ್ ಕೈ ಅದಾ? ಅವ್ನ್ಗೆ ಬುದ್ಧಿ ಇಲ್ಲ, ಲಕ್ವ ಒಡ್ದದೆ. ನಿಂಗೇನ್ ಒಡ್ದದೆ? ಬಸವಣ್ಣನ ಅಬ್ಬದ್ ದಿನ ಮನೇಲಿ ಕೋಳಿ ಪುಕ್ಕ ಇಟ್ಕಂಡಿದ್ದೀಯಲ್ಲ!"

"ಅತ್ತಿಗೆ, ಅವರು ನಾಲ್ಕು ತಿಂಗಳು ಗೋಡೆ ನೋಡಿಕೊಂಡು ಕೂತಿದ್ರು. ಕೆರೆ ಹತ್ರ ಹೋದ್ರೆ ಮನುಷ್ಯರಾಗಿರ್ತಾರೆ" ಎಂದೆ. ನಾನು ಯಾಕೆ ಇವರ ಪರ ಮಾತಾಡಿದೆನೋ. ನನ್ನ ಮೇಲೇ ಕೋಪ ಬಂತು.

ಒಬ್ಬಟ್ಟು ತಿನ್ನುವವರೆಗೂ ಸುವರ್ಣಮ್ಮ ಮುಖ ಬಿಗಿದುಕೊಂಡೇ ಇದ್ದರು. ಹೋಗುವಾಗ ತಮ್ಮನ ಬಲಗೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಅತ್ತರು. ಅಜ್ಜಿಗೆ ಅರಿವೆ ಚಿಂತೆ ಎನ್ನುವ ಹಾಗೆ ಇವರು ಆಗಲೂ ನನ್ನ ಕಡೆ ನೋಡಿ "ನಾಳೆ... ಗಾಳಿ ಇಲ್ಲ" ಎಂದರು.

ಮೇ 4, ಭಾನುವಾರ

ಬಿಳಿಗಿರಿ ಗುರುವಾರ ಬಲೆ ಎಳೆಯುತ್ತಾನಂತೆ. "ಮಳೆ ಬಿದ್ರೆ ನೀರ್ ತುಂಬ್ಕತದೆ, ಆಮೇಲೆ ಒಂದ್ ಮೀನೂ ಸಿಕ್ಕಲ್ಲ ಸಾ. ನಂಗೂ ಒಟ್ಟೆ ಪಾಡು ಅದಲ್ಲ." ಅವನು ಹೇಳುವುದು ಸರಿಯೇ. ಕೇಸರಿ ಬಾಲದ ಗೆಂಡೆ ಇವತ್ತು ಎರಡು ಸಲ ಬಂತು. ಒಂದು ಸಲ ಸುಳ್ಳು ಹುಳ ಅದರ ತಲೆಯ ಮೇಲೇ ಬಿತ್ತು. ಇನ್ನೊಂದು ಸಲ ದಾರ ನನ್ನ ಬಳೆಗೆ ಸಿಕ್ಕಿಕೊಂಡಿತು. ತಪ್ಪು ನನ್ನದೇ.

ದೀಪ ಸಂಜೆ ಬಂದಿದ್ದಳು. ಆರು ತಿಂಗಳಿಗೆ ಇನ್ನು ಹದಿನೈದು ದಿನ. 

ಬಳೆ ತೆಗೆದಿಟ್ಟಿದ್ದೇನೆ.

ಮೇ 7, ಬುಧವಾರ

ಇಂಥ ದಿನ ನನ್ನ ಶತ್ರುವಿಗೂ ಬೇಡ. ಸಿಟ್ಟು ಇಳಿಯಲಿ ಎಂದು ಎಲ್ಲವನ್ನೂ ಬರೆಯುತ್ತೇನೆ.

ನಾಳೆ ಬಲೆ, ಆದ್ದರಿಂದ ಇವತ್ತೇ ಕೊನೆ. ಏಳು ಗಂಟೆಗೆ ಬಾಲ ಕಾಣಿಸಿತು. ಇವರು ಬೀಸಿದರು. ಜರಿಯ ಹುಳ ಎರಡು ಮೊಳ ಮುಂದೆ, ಹೂವು ಉದುರಿದಂತೆ ಬಿತ್ತು. ಅಷ್ಟು ಚೆನ್ನಾಗಿ ಒಂದು ದಿನವೂ ಬಿದ್ದಿರಲಿಲ್ಲ. ಸರಿಯಾಗಿ ಆಗಲೇ ನನ್ನ ಫೋನು ಹೊಡೆದುಕೊಳ್ಳಬೇಕೇ? ರಾಮಾಪುರದ ಸುವರ್ಣಮ್ಮ. ಸದ್ದಿಗೆ ಮೀನು ಓಡುತ್ತದೆಂದು ದಾರ ಬಿಟ್ಟು ಫೋನು ಹಿಡಿದುಕೊಂಡು ದಡಕ್ಕೆ ಓಡಿದೆ. "ಇನ್ನೂ ಕೆರೆ ತಾವೇ ಇದ್ದೀರಾ?" ಎಂದು ಅವರು ಶುರು ಮಾಡಿದರು, ನಾನು ಬೆನ್ನು ತಿರುಗಿಸಿ ನಿಂತು ಪಿಸುಗುಟ್ಟುತ್ತಿದ್ದೆ.

"ಯಶೋದಾ!"

ಏರಿಯ ಆಚೆಗೂ ಕೇಳುವಂತೆ ಕೂಗಿದರು. ತಿರುಗಿದರೆ ಕೋಲು ಬಿಲ್ಲಿನಂತೆ ಬಾಗಿದೆ. ಓಡಿದೆ. ಕೆಸರಿನಲ್ಲಿ ಕಾಲು ಜಾರಿ ಮುಖ ಅಡಿಯಾಗಿ ಬಿದ್ದೆ. ಫೋನು ನೀರಿಗೆ. ಬಾಯಲ್ಲಿ ಕೆಸರು. ಎದ್ದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಿಳಿಗಿರಿ ಏರಿಯ ಮೇಲೆ ಕುಣಿಯುತ್ತಾ "ಎಳೀರಿ ಸಾ! ಬುಡಿ ಸಾ! ಎಳೀರಿ!" ಎಂದು ಅರಚುತ್ತಿದ್ದ. ನಾನು ಕುರ್ಚಿಯ ಹತ್ತಿರ ಮುಟ್ಟಿದಾಗ ಗೆಂಡೆ ಇವರ ಪಾದದ ಬಳಿಯೇ ಹೊರಳುತ್ತಿತ್ತು, ಮೊಳದುದ್ದ ಇತ್ತು. ನಾನು ಕೈ ಒದ್ದೆ ಮಾಡಿಕೊಂಡು ಬಗ್ಗಿದೆ. ಒಮ್ಮೆ ಮೈ ಕೊಡವಿತು, ಕೊಕ್ಕೆ ಕಳಚಿತು, ಹೋಯಿತು. ಮುಟ್ಟಲೂ ಆಗಲಿಲ್ಲ.

ನಾನು ಕೂಗಾಡಿದೆ. ನನಗಾಗಿ ಒಂದು ನಿಮಿಷ ಕಾಯಲು ಆಗುತ್ತಿರಲಿಲ್ಲವೇ? ಒಂದು ತಿಂಗಳು ದಾರ ಹಿಡಿದವಳು ನಾನು, ಬಂದ ದಿನ ಎಳೆಯುವ ಭಾಗ್ಯ ನನಗಿಲ್ಲ! ಇವರು ಬೆನ್ನು ಒರಗಿಸಿ ನಗುತ್ತಿದ್ದರು. ಹಲ್ಲೆಲ್ಲ ಕಾಣುವಂತೆ. ಮೈಯೆಲ್ಲ ಕೆಸರಾದ ಹೆಂಡತಿಯನ್ನು ನೋಡಿ ನಗು! ಓಮ್ನಿಯ ಸೀಟು ಹಾಳು, ಫೋನು ಅಕ್ಕಿಯ ಡಬ್ಬಿಯಲ್ಲಿದೆ. ಮನೆಗೆ ಬಂದರೆ ಇವರ ಬೆರಳು ದಾರ ಕೊಯ್ದು ರಕ್ತ. ಸ್ನಾನ ಮಾಡದೆ ಮೊದಲು ಅರಿಶಿನ ಅರೆದು ತೋರುಬೆರಳಿಗೆ ಹಚ್ಚಿ ಬಟ್ಟೆ ಕಟ್ಟಿದೆ. "ನೋವು" ಎಂದರು. ನೋಯಲಿ, ಚೆನ್ನಾಗಿ ನೋಯಲಿ ಎಂದೆ. ಐದು ತಿಂಗಳಿಂದ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ ಆ ಕೈಗೆ

ಆ ಕೈಗೆ.

ಕೋಲು ಎಡಗೈಯಲ್ಲಿತ್ತು. ದಾರ ನನ್ನ ಕೈಯಲ್ಲಿರಲಿಲ್ಲ.

ನಾನು ಅರಿಶಿನ ಹಚ್ಚಿದ್ದು ಯಾವ ಬೆರಳಿಗೆ?

ಮೇ 8, ಗುರುವಾರ

ಬೆಳಿಗ್ಗೆ ಉಪ್ಪಿಟ್ಟು ಮಾಡಿ ಕಾಯುತ್ತಿದ್ದೇನೆ, ಇವರು ದೇವರ ಗೂಡಿನ ಮುಂದಿನಿಂದ ಏಳುವುದೇ ಇಲ್ಲ. ಕಾಫಿ ಬೇಡವಂತೆ. ಏಳೂ ಮುಕ್ಕಾಲು, ಎಂಟೂವರೆ. ಒಳಗೆ ಹೋಗುವ ಹಾಗಿಲ್ಲ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಿದ್ದಾರೆ. ಸಂದಿಯಲ್ಲಿ ನೋಡಿದೆ. ಎಡ ಅಂಗೈಯಲ್ಲಿ ಲಿಂಗ. ಅರಿಶಿನದ ಬಟ್ಟೆ ಸುತ್ತಿದ ಬೆರಳು ವಿಭೂತಿಯಿಂದ ಲಿಂಗಕ್ಕೆ ಬರುವಷ್ಟರಲ್ಲಿ ಎರಡು ಸಲ ತೊಡೆಗೆ ಬಿತ್ತು. ಮೂರನೇ ಸಲ ಮುಟ್ಟಿತು. ನಾನು ಅಡುಗೆಮನೆಗೆ ಬಂದು ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ.

ಒಂಬತ್ತೂ ಕಾಲಿಗೆ ಹೊರಗೆ ಬಂದರು. ಹಣೆಯಲ್ಲಿ ಮೂರು ಗೆರೆ, ಮೂರೂ ಮೂರು ದಾರಿ. ನೆಲದ ತುಂಬ ವಿಭೂತಿ. ಕೊರಳಲ್ಲಿ ಕರಡಿಗೆ, ಕಟ್ಟಿಕೊಂಡದ್ದು ಅವರೇ. ಹತ್ತಿರ ಹೋಗಿ ನೋಡಿದೆ. ಹೊಸ ಶಿವದಾರವನ್ನು ಕರಡಿಗೆಯ ಕಿವಿಗೆ ಪೋಣಿಸಿ ಐದು ಸುತ್ತು ಸುತ್ತಿದ್ದಾರೆ. ಮೀನಿನ ಗಂಟು! ಕೈ ಹಾಕಿದರೆ ಒದ್ದೆ.

"ಬಾಯಲ್ಲಿ ಇಟ್ಕೊಂಡ್ರಾ?"

"ಇಲ್ದಿದ್ರೆ... ನಿಲ್ಲಲ್ಲ" ಎಂದರು.

ಶಿವದಾರಕ್ಕೆ ಎಂಜಲು! ಸುವರ್ಣಮ್ಮ ಅತ್ತಿಗೆಗೆ ನಾನು ಏನು ಹೇಳಲಿ? ಇವರಿಗೆ ಲಿಂಗ ಯಾವುದು, ಗಾಳ ಯಾವುದು ಎಂಬ ಭೇದವೇ ಇಲ್ಲವೇ? ಬಿಚ್ಚಿ ಮಡಿಯಲ್ಲಿ ಬೇರೆ ಕಟ್ಟೋಣ ಎಂದು ಇವರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಉಗುರಿನಿಂದ ಕೆದಕಿದೆ, ಸೂಜಿ ಹಾಕಿ ಮೀಟಿದೆ. ಇವರು ಕತ್ತು ಚಾಚಿಕೊಂಡು ಸುಮ್ಮನೆ ಕೂತಿದ್ದರು. ಉಪ್ಪಿಟ್ಟು ಆರಿ ಕಲ್ಲಾಯಿತು. ಎಷ್ಟು ಎಳೆದರೂ ಬಿಚ್ಚಲಿಲ್ಲ, ಎಳೆದಷ್ಟೂ ಬಿಗಿಯಾಯಿತು.